ಲಾಂಚಿಗೆ ಕೂರುವ ಕಾರ್ಬುರೇಟರ್

ಮೂಗಿನ ಮೇಸ್ತ್ರಿ ಮುಚ್ಚಳ ತಟ್ಟುವವರೆಗೆ ಆ ದಡದಲ್ಲಿ ಯಾವ ದೋಣಿಯೂ ರಿಪೇರಿಯಾಯಿತೆಂದು ಯಾರೂ ಒಪ್ಪುತ್ತಿರಲಿಲ್ಲ. ಎಂಜಿನ್ನು ಗಡಿಯಾರದಂತೆ ಓಡುತ್ತಿದ್ದರೂ ಸರಿಯೇ, ಮೇಸ್ತ್ರಿ ಬಂದು ಎಂಜಿನ್ ಪೆಟ್ಟಿಗೆಯ ಮುಚ್ಚಳ ಎತ್ತಬೇಕು, ಸೊಂಟ ಬಗ್ಗಿಸಿ ತಲೆಯನ್ನು ದೋಣಿಯ ಹೊಟ್ಟೆಯೊಳಗೆ ಇಳಿಸಬೇಕು, ಇಪ್ಪತ್ತು ಸಲ ಉಸಿರೆಳೆಯಬೇಕು. ಆಮೇಲೆ ಮುಚ್ಚಳ ಹಾಕಿ ಅಂಗೈಯಿಂದ ಎರಡು ಸಲ ತಟ್ಟಿ "ಹೊರಡಿ" ಅನ್ನಬೇಕು. ಅಲ್ಲಿಯವರೆಗೆ ಮಾಲೀಕರು ಕೀಲಿಕೈ ಮುಟ್ಟುತ್ತಿರಲಿಲ್ಲ. ಎಂದೋ ಚೆಲ್ಲಿ ಆರಿದ ಪೆಟ್ರೋಲಿಗೂ ಈಗ ತೊಟ್ಟಿಕ್ಕುತ್ತಿರುವ ಪೆಟ್ರೋಲಿಗೂ ವಾಸನೆಯಲ್ಲೇ ವ್ಯತ್ಯಾಸ ಹೇಳುವ ಮೂಗು ಅದು. ಯಾವ ಪೈಪು, ಯಾವ ಕೀಲು ಎಂಬುದನ್ನೂ ಹೇಳುತ್ತಿತ್ತು.

ಆ ಮೂಗು ಸತ್ತು ಎರಡು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬ ಮೇಸ್ತ್ರಿ, ಇನ್ನೊಬ್ಬಳು ಅವನ ಕಿರಿಯ ಮಗಳು.

ಮಗಳನ್ನು ಎಲ್ಲರೂ ಪಿಸು ಎಂದೇ ಕರೆಯುವುದು. ಹುಟ್ಟಿದಾಗಲೂ ಪಿಸುಗುಟ್ಟಿದಂತೆಯೇ ಅತ್ತಳಂತೆ. ಡಿಗ್ರಿ ಮುಗಿಸಿ ಎರಡು ಕಡೆ ಸಂದರ್ಶನಕ್ಕೆ ಹೋಗಿ, ಎರಡೂ ಕಡೆ "ಸ್ವಲ್ಪ ಜೋರಾಗಿ ಹೇಳಮ್ಮ" ಎನ್ನಿಸಿಕೊಂಡು, ಮೂರನೆಯದಕ್ಕೆ ಹೋಗದೆ ಅಪ್ಪನ ಶೆಡ್ಡಿನಲ್ಲಿ ಬಂದು ಕೂತಿದ್ದಳು. ಎಂಜಿನ್ನುಗಳ ಜೊತೆ ಜೋರಾಗಿ ಮಾತಾಡುವ ಅಗತ್ಯವಿರಲಿಲ್ಲ. ಬಿಚ್ಚುವುದು, ತೊಳೆಯುವುದು, ಜೋಡಿಸುವುದು ಎಲ್ಲವನ್ನೂ ಅಪ್ಪನೇ ಕಲಿಸಿದ. ಅಪ್ಪ ಅಂದಾಜಿನಲ್ಲಿ ಮಾಡುತ್ತಿದ್ದುದನ್ನು ಅವಳು ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ಲೆಕ್ಕ ಹಾಕಿ ನೋಡುತ್ತಿದ್ದಳು. ಬಹಳ ಸಲ ಅಪ್ಪನ ಅಂದಾಜೇ ಸರಿಯಿರುತ್ತಿತ್ತು. ಅದು ಅವಳಿಗೆ ಖುಷಿ ಕೊಡುತ್ತಿತ್ತು.

ಮೂಗಿನ ಸಂಗತಿ ಅವಳಿಗೆ ತಿಳಿದದ್ದು ಅಪ್ಪನಿಗೆ ಬಂದ ಒಂದು ಜ್ವರದ ಬೆನ್ನಿಗೆ. ಮಲಗಿ ಎದ್ದ ವಾರದಲ್ಲಿ ಅಪ್ಪ ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಹಾಲು ಉಕ್ಕಿತು, ಸೀದಿತು, ಪಾತ್ರೆ ಕರ್ರಗಾಯಿತು. ಅಪ್ಪ ಪುಟ ತಿರುಗಿಸಿದ. ಓಣಿಯಿಂದಲೇ ಸೀದ ವಾಸನೆ ಹಿಡಿದು ಓಡಿಬಂದ ಪಿಸು ಒಲೆ ಆರಿಸಿದಾಗ ಅವನು ಪಾತ್ರೆಯನ್ನು ನೋಡಿದ, ಅವಳನ್ನು ನೋಡಿದ. "ಅಮ್ಮನಿಗೆ ಹೇಳ್ಬೇಡ" ಎಂದ. ಹಾಲಿನ ವಿಷಯವಲ್ಲ ಎಂದು ಅವಳಿಗೆ ಗೊತ್ತಾಯಿತು.

ಮಾರನೆಯ ದಿನದಿಂದ ಮುಚ್ಚಳ ಎತ್ತುವಾಗ ಟಾರ್ಚ್ ಹಿಡಿಯಲು ಅವಳೂ ಹೋಗತೊಡಗಿದಳು. ಅಪ್ಪನ ಪಕ್ಕದಲ್ಲಿ ತಾನೂ ತಲೆ ಇಳಿಸುವಳು. ಸೋರಿಕೆ ಇಲ್ಲದಿದ್ದರೆ ಟಾರ್ಚ್ ಉರಿಯುತ್ತಲೇ ಇರುವುದು. ಇದ್ದರೆ ಬೆರಳು ಆಡಿಸಿ ಆರಿಸಿಬಿಡುವಳು. ಹೀಗೆ ಮಾಡೋಣ ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಮೊದಲ ಸಲ ಅವಳು ಆರಿಸಿದಾಗ ಅಪ್ಪ ಕತ್ತಲಿನಿಂದ ತಲೆ ಎತ್ತಿ, ಮಾಲೀಕನಿಗೆ ಕೇಳುವಂತೆ ಗಟ್ಟಿಯಾಗಿ, "ಎಲ್ಲೋ ಬೆವರ್ತಾ ಇದೆ, ನಾಳೆ ಬನ್ನಿ" ಎಂದಿದ್ದ. ಎರಡು ವರ್ಷ ಹಾಗೇ ನಡೆಯಿತು. ಒಂದು ದೋಣಿಯೂ ತಪ್ಪಿ ಹೋಗಲಿಲ್ಲ.

ಹೀಗಿರುವಾಗ ಕಪ್ತಾನನ ಲಾಂಚು ಬಂತು.

ಕಪ್ತಾನ ಎಂದರೆ ನಿಜವಾದ ಕಪ್ತಾನನೇನಲ್ಲ. ಈಚೆ ದಡದಿಂದ ಆಚೆ ದಡಕ್ಕೆ ನಲವತ್ತು ಜನರನ್ನು ಸಾಗಿಸುವ ಮರದ ಲಾಂಚಿನ ಒಡೆಯ. ಬಿಳಿ ಟೋಪಿ ಹಾಕುತ್ತಿದ್ದ, ಅಷ್ಟೇ. ಆಸ್ಪತ್ರೆಯ ನರ್ಸುಗಳು, ಶಾಲೆಯ ಟೀಚರುಗಳು, ಕಾರ್ಖಾನೆಯ ಪಾಳಿಯವರು ಎಲ್ಲ ಅವನ ಲಾಂಚಿಗೇ ಕಾಯುವವರು. ಲಾಂಚಿನ ನಡುವೆ ಎಂಜಿನ್ ಪೆಟ್ಟಿಗೆ. ಜಾಗ ಸಾಲದಾದರೆ ಅದರ ಮುಚ್ಚಳದ ಮೇಲೆಯೇ ಐದಾರು ಜನ ಕೂರುವರು. ಎಂಜಿನ್ನಿನ ವಾಲ್ವುಗಳ ಕೆಲಸ ಮುಗಿದಿತ್ತು, ಆದರೆ ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಹಳೆಯ ಕಾರ್ಬುರೇಟರಿನ ಮೈ ಉಪ್ಪುಗಾಳಿಗೆ ಸವೆದುಹೋಗಿ ಬಿರುಕು ಬಿಟ್ಟಿತ್ತು. ಹೊಸದು ಬೇಕು. ಯಾವುದು ಎಂಬುದೇ ಪ್ರಶ್ನೆ.

ಪಿಸುವಿಗೆ ಅದು ಪ್ರಶ್ನೆಯೇ ಅಲ್ಲ. ದೋಣಿಗೆಂದೇ ಮಾಡಿದ ಚಿಕ್ಕ ಕಾರ್ಬುರೇಟರು ಬೇಕು. ತರಿಸಲು ಹನ್ನೆರಡು ದಿನ.

"ಹನ್ನೆರಡು ದಿನ ಯಾಕೆ? ಹನ್ನೆರಡು ನಿಮಿಷದಲ್ಲಿ ತರ್ತೀನಿ" ಎಂದ ಭಾವ.

ಭಾವ ಅಂದರೆ ಅಕ್ಕನ ಗಂಡ. ಮುಖ್ಯರಸ್ತೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ. ಮಾತು ಸಲೀಸು, ನಗು ಅದಕ್ಕಿಂತ ಸಲೀಸು. ಎಂಜಿನ್ ವಿಷಯದಲ್ಲಿ ಅವನದು ಒಂದೇ ಸಿದ್ಧಾಂತ: ನಾಲ್ಕು ಬೋಲ್ಟು ಕೂತರೆ ಮುಗೀತು. ಅವನು ತಂದ ಕಾರಿನ ಕಾರ್ಬುರೇಟರು ಹೊಸ ಪಾತ್ರೆಯಂತೆ ಫಳಫಳ ಹೊಳೆಯುತ್ತಿತ್ತು, ಮತ್ತು ನಾಲ್ಕೂ ಬೋಲ್ಟು ಸರಿಯಾಗಿ ಕೂತವು.

ಆ ಶೆಡ್ಡಿನಲ್ಲಿ ಕಾರ್ಬುರೇಟರು ಆರಿಸುವುದಕ್ಕೂ ಒಂದು ಪದ್ಧತಿಯಿತ್ತು. ಎಂಜಿನ್ನನ್ನು ಅಂಗಳದ ಸ್ಟ್ಯಾಂಡಿಗೆ ಬಿಗಿದು, ಮಾಲೀಕನ ಕಣ್ಣೆದುರೇ ಓಡಿಸಿ, ಯಾವುದರಲ್ಲಿ ದನಿ ಚೆನ್ನಾಗಿ ಏಳುತ್ತದೋ ಅದೇ ಸೈ. ಅಪ್ಪ ಕೀಲಿ ತಿರುಗಿಸಿದ. ಎಂಜಿನ್ನು ಒಂದೇ ಏಟಿಗೆ ಎದ್ದು ಗರ್ಜಿಸಿತು. ಕಪ್ತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. "ಇದೇನ್ರೀ ಮೇಸ್ತ್ರಿಗಳೇ, ಮುದುಕನಿಗೆ ಮದುವೆ ಮಾಡಿಸಿದ ಹಾಗಿದೆ" ಎಂದ. ಎಲ್ಲರೂ ನಕ್ಕರು.

ಪಿಸು ಕ್ಯಾಲೆಂಡರಿನ ಹಾಳೆ ಹಿಡಿದು ನಿಂತಿದ್ದಳು. ಆ ಎಂಜಿನ್ನು ಪೂರ್ತಿ ವೇಗದಲ್ಲಿ ಓಡಿದರೂ ಕುಡಿಯುವುದು ನಿಮಿಷಕ್ಕೆ ಆರೂವರೆ ಸಾವಿರ ಲೀಟರ್ ಗಾಳಿ. ಭಾವನ ಕಾರ್ಬುರೇಟರು ಹನ್ನೊಂದು ಸಾವಿರಕ್ಕೆ ಮಾಡಿದ್ದು. ಜೆಟ್ಟಿಯ ಹತ್ತಿರ ನಿಧಾನಕ್ಕೆ ತಿರುಗಿಸುವಾಗ ಅಷ್ಟು ಅಗಲದ ಗಂಟಲಲ್ಲಿ ಗಾಳಿ ಸೋಮಾರಿಯಾಗುತ್ತದೆ, ಪೆಟ್ರೋಲು ಹನಿಹನಿಯಾಗಿಯೇ ಉಳಿಯುತ್ತದೆ. ಅದಾದರೂ ಹೋಗಲಿ. ಅವಳನ್ನು ಕಾಡುತ್ತಿದ್ದದ್ದು ಇನ್ನೊಂದು.

"ಪೆಟ್ರೋಲು ತಡೆಯೋ ಒಳಗಿನ ತೇಲುಗುಂಡು ಸಿಕ್ಕಿಹಾಕ್ಕೊಂಡ್ರೆ ಇದು ಪೆಟ್ರೋಲನ್ನ ಹೊರಗೆ ಚೆಲ್ಲುತ್ತೆ" ಎಂದಳು.

"ಏನಂದ್ಲು?" ಎಂದ ಕಪ್ತಾನ.

"ನಮ್ಮ ನಾದಿನಿ ಪರೀಕ್ಷೆ ಬರೀತಿದ್ದಾಳೆ, ತೊಂದರೆ ಕೊಡಬೇಡಿ" ಎಂದ ಭಾವ.

ಅವಳು ಇನ್ನೊಮ್ಮೆ ಹೇಳಿದಳು. ರಸ್ತೆಯ ಮೇಲೆ ಚೆಲ್ಲಿದ್ದನ್ನು ಗಾಳಿ ಒಯ್ಯುತ್ತದೆ. ಇಲ್ಲಿ ಅಂಗಳದಲ್ಲೂ ಒಯ್ಯುತ್ತದೆ. ಲಾಂಚಿನಲ್ಲಿ ಮುಚ್ಚಿದ ಪೆಟ್ಟಿಗೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗಿಳಿದು ದೋಣಿಯ ಹೊಟ್ಟೆಯಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ದೋಣಿಯ ಕಾರ್ಬುರೇಟರು ಹಾಗಲ್ಲ, ಹೆಚ್ಚಾದದ್ದನ್ನು ಎಂಜಿನ್ನಿನ ಗಂಟಲಿಗೇ ಸುರಿದುಕೊಳ್ಳುತ್ತದೆ. "ಅದು ಕೆಟ್ರೆ ಎಂಜಿನ್ ಕೆಮ್ಮಿ ನಿಂತುಹೋಗುತ್ತೆ, ಅಷ್ಟೇ."

"ನಡುನೀರಲ್ಲಿ ನಿಂತ್ರೆ ನೀನು ಬಂದು ತಳ್ತೀಯಾ?" ಎಂದ ಕಪ್ತಾನ.

"ಆವಿ ಎಳೆಯೋಕೆ ಫ್ಯಾನ್ ಇದೆಯಲ್ಲ ಲಾಂಚಲ್ಲಿ" ಎಂದ ಭಾವ.

"ಇವರು ಹಾಕೋದೇ ಇಲ್ಲ. ಬ್ಯಾಟರಿ ತಿನ್ನುತ್ತೆ ಅಂತಾರೆ" ಎಂದಳು ಪಿಸು.

ಅದು ನಿಜವಾದ್ದರಿಂದ ಕಪ್ತಾನನಿಗೆ ಸಿಟ್ಟು ಬಂತು. "ಮೇಸ್ತ್ರಿಗಳೇ, ಶೆಡ್ಡು ನಡೆಸೋದು ನೀವಾ, ನಿಮ್ಮ ಮಗಳಾ?"

ಅಪ್ಪ ಎಂಜಿನ್ನನ್ನು ಆರಿಸಿದ. ಎಣ್ಣೆಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡ. "ಇದೇ ಹಾಕೋಣ" ಎಂದ.

ಸಂಜೆ ಶೆಡ್ಡಿನ ಬಾಗಿಲು ಎಳೆಯುವಾಗ ಇಬ್ಬರೇ ಇದ್ದರು. ಬಾಗಿಲಿನ ಒಂದು ತುದಿ ಅಪ್ಪ, ಇನ್ನೊಂದು ತುದಿ ಅವಳು.

"ಅಪ್ಪ, ಅದು ಸರಿಯಲ್ಲ."

"ನಂಗೊತ್ತು."

ಅವಳು ಬಾಗಿಲು ಬಿಟ್ಟುಬಿಟ್ಟಳು. ಗೊತ್ತಿಲ್ಲ ಅಂದಿದ್ದರೆ ಹಾಳೆ ಬಿಚ್ಚಿ ತೋರಿಸಬಹುದಿತ್ತು.

"ನಿನಗೆ ಕಲಿಸಿದ್ದೇ ನಾನಲ್ವೇನೇ" ಎಂದ ಅಪ್ಪ. "ನಿಮ್ಮ ಭಾವ ಬರೋ ತಿಂಗಳಿಂದ ಶೆಡ್ಡಿಗೆ ಬಂದು ಕೂರ್ತಾನೆ. ಅವನು ತಂದ ಮೊದಲನೇ ಸಾಮಾನನ್ನೇ ನಾನು ಬೇಡ ಅಂದ್ರೆ ಇಲ್ಲಿ ಕಾಲಿಡ್ತಾನಾ? ನಿಮ್ಮಕ್ಕ ಸುಮ್ಮನಿರ್ತಾಳಾ?"

"ಶೆಡ್ಡು ನಾನು ನೋಡ್ಕೋತೀನಲ್ಲಪ್ಪ."

"ನೀನು ಎಂಜಿನ್ ನೋಡ್ಕೋತೀಯ. ಗಿರಾಕಿನ ಯಾರು ನೋಡ್ಕೊಳ್ಳೋದು? ಇವತ್ತು ನೋಡಿದ್ಯಲ್ಲ, ನಿನ್ನ ಮಾತು ಅಂಗಳ ದಾಟಲಿಲ್ಲ."

ಅವಳು ಬಾಗಿಲಿನ ತುದಿಯನ್ನು ಮತ್ತೆ ಹಿಡಿದು ಎಳೆದಳು.

"ಹೆದರ್ಬೇಡ. ನೀನಿದೀಯಲ್ಲ" ಎಂದ ಅಪ್ಪ, ಸಮಾಧಾನ ಮಾಡುವ ದನಿಯಲ್ಲಿ. "ವಾರಕ್ಕೊಂದು ಸಲ ಟಾರ್ಚ್ ಹಿಡ್ಕೊಂಡು ಹೋಗಿ ಬಾ. ಸೋರೋಕೆ ಶುರುವಾದ್ರೆ ಅವತ್ತು ನೋಡೋಣ."

ಮನೆಗೆ ನಡೆಯುವಾಗ ಅಪ್ಪ ಎಂದಿನಂತೆ ಎರಡು ಹೆಜ್ಜೆ ಮುಂದಿದ್ದ. ಅವನ ಅಂಗಿಯ ಬೆನ್ನಿನ ಎಣ್ಣೆ ಕಲೆಯನ್ನು ನೋಡುತ್ತ ಅವಳು ಹಿಂದೆ ನಡೆದಳು. ಎರಡು ವರ್ಷದಿಂದ ಅಪ್ಪನ ಮಾನ ಉಳಿಯಲಿ ಎಂದು ಅವಳು ಕೊಟ್ಟ ನೆರವನ್ನೇ ನಂಬಿ ಅಪ್ಪ ಈಗ ನಲವತ್ತು ಜನರ ಜೀವವನ್ನು ಪಣವಿಟ್ಟಿದ್ದ. ಅವಳ ಮೂಗು ಇದೆ ಎಂಬ ಧೈರ್ಯಕ್ಕೇ ತಪ್ಪು ಕಾರ್ಬುರೇಟರು ಕೂರುತ್ತಿತ್ತು. ತಾನು ಟಾರ್ಚ್ ಹಿಡಿಯದೇ ಹೋಗಿದ್ದರೆ ಅಪ್ಪ ಇಷ್ಟು ಹೊತ್ತಿಗೆ ನಿಜ ಹೇಳಿ, ಕೆಲಸ ಬಿಟ್ಟು, ನಾಲ್ಕು ದಿನ ಬೇಜಾರು ಮಾಡಿಕೊಂಡು ಸರಿಹೋಗುತ್ತಿದ್ದ ಅನ್ನಿಸಿತು. ತಾನೇ ಕೈಯಾರೆ ಬೆಳೆಸಿದ ಸುಳ್ಳು.

ನಾಲ್ಕನೆಯ ದಿನ ಎಂಜಿನ್ನನ್ನು ಲಾಂಚಿಗೆ ಇಳಿಸಿದರು. ಬೆಳಗ್ಗೆ ಅರ್ಧ ಗಂಟೆ ನೀರಿನಲ್ಲಿ ಓಡಿಸಿ ತಂದರು. ಗಾಳಿಯಿತ್ತು, ಅಲೆಗೆ ಲಾಂಚು ಅತ್ತಿತ್ತ ಹೊಯ್ದಾಡಿತ್ತು. ಜೆಟ್ಟಿಯ ಮೇಲೆ ಆಗಲೇ ಮೂವತ್ತು ಮೂವತ್ತೈದು ಜನ ಕಾದಿದ್ದರು. ಕಪ್ತಾನ ಅಂದೇ ಮೊದಲ ಸುತ್ತು ಹೊರಡುವುದೆಂದು ಸಾರಿಬಿಟ್ಟಿದ್ದ. ಭಾವ ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಅಪ್ಪ ಮುಚ್ಚಳ ಎತ್ತಿದ. ಪಿಸು ಟಾರ್ಚ್ ಹೊತ್ತಿಸಿ ಅವನ ಜೊತೆ ತಲೆ ಇಳಿಸಿದಳು.

ಮೊದಲ ಉಸಿರಿಗೇ ಗೊತ್ತಾಯಿತು. ಹಳೆಯ ವಾಸನೆಯಲ್ಲ, ಮೂಗಿನ ಒಳಗೋಡೆಗೆ ತಣ್ಣಗೆ ಅಂಟುವ ಹೊಸ ವಾಸನೆ. ಕಾರ್ಬುರೇಟರಿನ ಮೈಯ ಒಂದು ಬದಿ ಒದ್ದೆಯಾಗಿ ಮಿನುಗುತ್ತಿತ್ತು. ಅಲೆಗೆ ಹೊಯ್ದಾಡಿದಾಗ ಚೆಲ್ಲಿದ್ದು, ಇನ್ನೂ ಜಿನುಗುತ್ತಿತ್ತು. ಅವಳು ಟಾರ್ಚ್ ಆರಿಸಿದಳು.

ಅಪ್ಪ ಕತ್ತಲಲ್ಲಿ ಹಾಗೇ ಇದ್ದ. ಅವನ ಉಸಿರು ಅವಳಿಗೆ ಕೇಳಿಸುತ್ತಿತ್ತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಆಮೇಲೆ ಎದ್ದು ನಿಂತು ಮುಚ್ಚಳ ಹಾಕಿ ಅಂಗೈಯಿಂದ ಎರಡು ಸಲ ತಟ್ಟಿದ.

"ಹೊರಡಿ."

ಜನ ಎದ್ದು ಚೀಲಗಳನ್ನು ಹೆಗಲಿಗೇರಿಸಿಕೊಂಡರು. ಒಬ್ಬ ನರ್ಸು ಲಾಂಚಿಗೆ ಕಾಲಿಟ್ಟಳು.

"ಹತ್ತಬೇಡಿ" ಎಂದಳು ಪಿಸು.

ಯಾರಿಗೂ ಕೇಳಿಸಲಿಲ್ಲ. ಅವಳು ಹಲಗೆಗೆ ಅಡ್ಡ ನಿಂತು ಇನ್ನೊಮ್ಮೆ ಹೇಳಿದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ. "ಹತ್ತಬೇಡಿ. ಒಳಗೆ ಪೆಟ್ರೋಲ್ ಸೋರ್ತಿದೆ."

"ಮೇಸ್ತ್ರಿಗಳು ತಟ್ಟಾಯ್ತು" ಎಂದ ಕಪ್ತಾನ. "ಪೆಟ್ರೋಲ್ ಎಂಜಿನ್ ಪೆಟ್ರೋಲ್ ವಾಸನೆ ಬರದೆ ಅತ್ತರಿನ ವಾಸನೆ ಬರುತ್ತಾ?"

"ಮಾವನ ಮೂಗಿಗಿಂತ ಇವಳ ಮೂಗು ಉದ್ದ ಆಯ್ತು" ಎಂದ ಭಾವ.

"ಅಪ್ಪನಿಗೆ ವಾಸನೆ ಗೊತ್ತಾಗಲ್ಲ" ಎಂದಳು. "ಎರಡು ವರ್ಷ ಆಯ್ತು. ಏನೂ ಗೊತ್ತಾಗಲ್ಲ."

ಕಪ್ತಾನ ಅಪ್ಪನ ಕಡೆ ತಿರುಗಿದ, ಅವನು ನಕ್ಕುಬಿಡಲಿ ಎಂದು ಕಾದವನಂತೆ. ಅಪ್ಪ ನಗಲಿಲ್ಲ. "ಹುಡುಗಿಗೆ ತಲೆ ಕೆಟ್ಟಿದೆ" ಎಂದ, ಆದರೆ ಅದು ತಡವಾಗಿ ಬಂತು.

ಕಪ್ತಾನ ಒರಟನೇ ಹೊರತು ದಡ್ಡನಲ್ಲ. ಶೆಡ್ಡಿನ ಗೋಡೆಯ ಹತ್ತಿರ ಸಾಲಾಗಿದ್ದ ಖಾಲಿ ಎಣ್ಣೆ ಡಬ್ಬಿಗಳಲ್ಲಿ ಎರಡನ್ನು ತೊಳೆಸಿದ. ಟಿಕೆಟ್ ಹರಿಯುವವನನ್ನು ಕರೆದು, ಗೋಡೆಯ ಹಿಂದೆ ಹೋಗಿ ಒಂದಕ್ಕೆ ಪೆಟ್ರೋಲು, ಒಂದಕ್ಕೆ ನೀರು ಹಾಕಿ ತರಲು ಹೇಳಿದ. "ತಪ್ಪು ತಿಳ್ಕೋಬೇಡಿ ಮೇಸ್ತ್ರಿಗಳೇ. ಒಂದು ಸಲ ಮೂಸಿ ಹೇಳಿಬಿಡಿ. ಈ ಹುಡುಗಿ ಬಾಯಿ ನಾನೇ ಮುಚ್ಚಿಸ್ತೀನಿ."

ಡಬ್ಬಿಗಳ ಬಾಯಿ ಕಿರಿದು, ಒಳಗಿದ್ದದ್ದು ಕಾಣುತ್ತಿರಲಿಲ್ಲ. ಟಿಕೆಟ್ಟಿನವನು ಒಂದನ್ನು ಅಪ್ಪನ ಮೂಗಿನ ಕೆಳಗೆ ಹಿಡಿದ. ಪಕ್ಕದಲ್ಲೇ ನಿಂತಿದ್ದ ಪಿಸುವಿಗೆ ಅದು ನೀರೆಂದು ಗೊತ್ತಾಯಿತು. ಅಪ್ಪ ಕಣ್ಣು ಮುಚ್ಚಿ, ಎಂದಿನ ಗಾಂಭೀರ್ಯದಲ್ಲಿ ಉದ್ದಕ್ಕೆ ಉಸಿರೆಳೆದ. ಆಮೇಲೆ ಕಣ್ಣು ತೆರೆದು ಅವಳ ಕೈಯಲ್ಲಿದ್ದ ಟಾರ್ಚ್ ನೋಡಿದ.

ಬೇರೆ ಯಾರಿಗೂ ಅದರ ಅರ್ಥ ಗೊತ್ತಿರಲಿಲ್ಲ. ಹೊತ್ತಿಸಿದರೆ ನೀರು, ಹೊತ್ತಿಸದಿದ್ದರೆ ಪೆಟ್ರೋಲು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅಪ್ಪನ ಕಣ್ಣಲ್ಲಿ ಸಿಟ್ಟಿರಲಿಲ್ಲ. ಪ್ರತಿ ಸಲ ನೋಡುತ್ತಿದ್ದ ಹಾಗೇ ನೋಡಿದ, ಕೊಡುತ್ತಾಳೆಂಬ ನಂಬಿಕೆಯಲ್ಲಿ.

ಅವಳು ಬಗ್ಗಿ ಟಾರ್ಚನ್ನು ಹಲಗೆಯ ಮೇಲಿಟ್ಟಳು. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು.

ಅಪ್ಪ ಎರಡನೆಯ ಡಬ್ಬಿಯನ್ನೂ ಮೂಸಿದ. ಎರಡರ ನಡುವೆ ತುಂಬ ಹೊತ್ತು ಯೋಚಿಸಿದ. ನರ್ಸು ಮುಖ ಬೇರೆ ಕಡೆ ತಿರುಗಿಸಿಕೊಂಡಳು. "ಇದು ಪೆಟ್ರೋಲು" ಎಂದು ಅಪ್ಪ ಮೊದಲನೆಯದನ್ನು ತೋರಿಸಿದ.

ಟಿಕೆಟ್ಟಿನವನು ಕಪ್ತಾನನ ಮುಖ ನೋಡಿ, ಆ ಡಬ್ಬಿಯನ್ನು ಜೆಟ್ಟಿಯ ಕಲ್ಲಿನ ಮೇಲೆ ಬಗ್ಗಿಸಿದ. ನೀರು ಹರಿದು ಜನರ ಚಪ್ಪಲಿಗಳವರೆಗೆ ಹೋಯಿತು.

"ಎರಡು ವರ್ಷದಿಂದ ನೀವು ತಟ್ಟಿದ ಮುಚ್ಚಳದ ಮೇಲೆ ಜನ ಕೂರಿಸ್ಕೊಂಡು ಓಡಾಡಿದ್ದೀನಿ" ಎಂದ ಕಪ್ತಾನ. ಅವನು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಆಮೇಲೆ ಪಿಸುವಿನ ಕಡೆ ತಿರುಗಿ, "ನೀನೂ ಸೇರ್ಕೊಂಡು" ಎಂದ.

ಆ ಎರಡು ವರ್ಷ ಮೂಸಿದವಳು ನಾನು, ಒಂದು ದೋಣಿಯಲ್ಲೂ ತಪ್ಪಾಗಲಿಲ್ಲ ಎಂದು ಹೇಳಲು ಅವಳು ಬಾಯಿ ತೆರೆದಳು. ಇದ್ದ ದನಿಯೆಲ್ಲ ಆಗಲೇ ಖರ್ಚಾಗಿಹೋಗಿತ್ತು.

ಲಾಂಚನ್ನು ಅಂದೇ ಎಳೆಸಿಕೊಂಡು ಆಚೆ ದಡದ ದೋಣಿ ರಿಪೇರಿ ಕಾರ್ಖಾನೆಗೆ ಒಯ್ದರು. ಅಲ್ಲಿನವರು ಮುಚ್ಚಳ ತೆಗೆದು, ಇದನ್ನು ಯಾವ ಪುಣ್ಯಾತ್ಮ ಹಾಕಿದ ಎಂದು ಕೇಳಿ, ದೋಣಿಯ ಕಾರ್ಬುರೇಟರನ್ನೇ ತರಿಸಿ ಹಾಕಿದರು. ಅವಳು ಹೇಳಿದ್ದ ಅಳತೆಯದೇ. ಹನ್ನೆರಡಲ್ಲ, ಹದಿನಾಲ್ಕು ದಿನ ಹಿಡಿಯಿತು.

ಅಪ್ಪ ಮತ್ತೆ ಶೆಡ್ಡಿಗೆ ಹೋಗಲಿಲ್ಲ. ಮುಚ್ಚಳ ತಟ್ಟುವವರಿಲ್ಲದೆ ದೋಣಿಗಳೂ ಬರಲಿಲ್ಲ. ಭಾವ ಶೆಡ್ಡಿಗೆ ಬಂದ, ಸ್ಟ್ಯಾಂಡುಗಳನ್ನು ಕಿತ್ತು ಕಪಾಟುಗಳನ್ನು ಹೊಡೆಸಿ ಕಾರಿನ ಸಾಮಾನುಗಳ ಗೋದಾಮು ಮಾಡಿಕೊಂಡ. ಬಾಗಿಲಿಗೆ ಹೊಸ ಬೀಗ ಹಾಕಿಸಿದ. ಅದರ ಕೀಲಿ ಅವಳಿಗೆ ಕೊಡುವುದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ಒಮ್ಮೆ ಮನೆಗೆ ಬಂದಳು. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು. "ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು ಆವತ್ತೇ ಯಾಕೆ ಬಾಯಿ ಬಿಟ್ಟೆ? ನಿಮ್ಮ ಭಾವ ಶೆಡ್ಡಿಗೆ ಬರ್ತಾರೆ ಅಂತ ತಾನೇ?"

"ಕಾರ್ಬುರೇಟರ್ ಸೋರ್ತಿತ್ತು ಅಕ್ಕ."

"ಹೂಂ. ಅದೊಂದು ನೆಪ ಸಿಕ್ತು ನಿಂಗೆ."

ಪಿಸು ರಾತ್ರಿಯಿಡೀ ಅದನ್ನೇ ತನ್ನನ್ನು ತಾನು ಕೇಳಿಕೊಂಡಳು. ಸ್ವಲ್ಪವಾದರೂ ನಿಜವಿರಬಹುದೆಂದು ಅನ್ನಿಸಿದ್ದೇ ಅವಳಿಗೆ ಎಲ್ಲಕ್ಕಿಂತ ಕಹಿಯಾಗಿತ್ತು.

ಅಪ್ಪ ಆ ವಿಷಯ ಎತ್ತಿದ್ದು ಒಂದೇ ಸಲ. ಅವಳು ಆಚೆ ದಡದ ಕಾರ್ಖಾನೆಯಲ್ಲಿ ಬಿಡಿಭಾಗಗಳ ಕೌಂಟರಿನ ಕೆಲಸಕ್ಕೆ ಸೇರಿದ ಮೊದಲ ಬೆಳಗ್ಗೆ, ಊಟದ ಡಬ್ಬಿ ಮುಚ್ಚುತ್ತಿದ್ದಾಗ.

"ಒಂದು ಸಲ ಬೆರಳು ಆಡಿಸಿದ್ರೆ ಆಗ್ತಿತ್ತು" ಎಂದ.

"ಆಗ ಲಾಂಚು ಹೊರಟುಬಿಡ್ತಿತ್ತು ಅಪ್ಪ."

"ಹೊರಡ್ಲಿ. ಮೊದಲನೇ ಸುತ್ತು ಮುಗಿಸಿ ಬಂದ ಮೇಲೆ ಏನೋ ಒಂದು ನೆಪ ಹೇಳಿ ನಾನೇ ಬಿಚ್ಚಿಸ್ತಿದ್ದೆ."

ನಿಜವಾಗಿಯೂ ಬಿಚ್ಚಿಸುತ್ತಿದ್ದನೇ? ಮೊದಲನೆಯ ಸುತ್ತು ಮುಗಿಯುತ್ತಿತ್ತೇ? ಅವಳಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿತ್ತೆಂದು ಕಾಣಲಿಲ್ಲ. ಅವನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ.

ಆಚೆ ದಡಕ್ಕೆ ಹೋಗಲು ಇರುವುದು ಆ ಲಾಂಚೊಂದೇ. ಕಪ್ತಾನ ಅವಳಿಂದ ಹಣ ತೆಗೆದುಕೊಳ್ಳುತ್ತಾನೆ, ಟಿಕೆಟ್ ಕೊಡುತ್ತಾನೆ, ಮುಖ ನೋಡುವುದಿಲ್ಲ. ನಾಲ್ಕು ತಿಂಗಳಾಯಿತು. ಎಂಜಿನ್ನು ಒಂದು ದಿನವೂ ಕೆಟ್ಟಿಲ್ಲ, ಪೆಟ್ಟಿಗೆಯಲ್ಲಿ ಹೊಸ ವಾಸನೆ ಒಮ್ಮೆಯೂ ಬಂದಿಲ್ಲ. ಜಾಗ ಸಿಗದವರು ಈಗಲೂ ಮುಚ್ಚಳದ ಮೇಲೆಯೇ ಕೂರುತ್ತಾರೆ, ಮಾತಾಡುತ್ತಾರೆ, ತೂಕಡಿಸುತ್ತಾರೆ.

ಮೊನ್ನೆ ಯಾರದೋ ಬಿಳಿ ದೋಣಿ ಲಾಂಚನ್ನು ಹಿಂದಿಕ್ಕಿ ಹೋಯಿತು. ಹೊಸದಾಗಿ ಓಡಾಡಲು ಶುರುಮಾಡಿದ್ದ ಟೀಚರೊಬ್ಬರು, "ನಿಮ್ಮ ಲಾಂಚು ಯಾಕ್ರೀ ಇಷ್ಟು ನಿಧಾನ?" ಎಂದು ಕೇಳಿದರು.

"ಮುಂಚೆ ಒಂದು ಕಾರ್ಬುರೇಟರ್ ಹಾಕಿದ್ವಿ ಮೇಡಂ. ಏನು ಎಳೀತಿತ್ತು ಅಂತೀರಿ. ಅದು ಇದ್ದಿದ್ರೆ ಆ ಬಿಳಿ ದೋಣಿ ನಮ್ಮ ಹಿಂದೆ ಇರ್ತಿತ್ತು."

"ಮತ್ತೆ ಯಾಕೆ ತೆಗೆಸಿದ್ರಿ?"

ಕಪ್ತಾನ ಚುಕ್ಕಾಣಿ ತಿರುಗಿಸುತ್ತ, ಎಂಜಿನ್ ಪೆಟ್ಟಿಗೆಯ ಆಚೆ ಕೂತಿದ್ದ ಪಿಸುವಿಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. "ಯಾರದೋ ಮನೆ ಜಗಳ ಮೇಡಂ. ನಮ್ಮ ತಲೆಗೆ ಬಂತು."

ಟೀಚರು ಅಯ್ಯೋ ಪಾಪ ಎಂದು ತಲೆಯಾಡಿಸಿದರು. ಲಾಂಚು ಜೆಟ್ಟಿಗೆ ಮೆಲ್ಲಗೆ ತಾಗಿತು. ಪಿಸು ಊಟದ ಡಬ್ಬಿ ಎತ್ತಿಕೊಂಡು, ಎಲ್ಲರೂ ಇಳಿಯುವವರೆಗೆ ನಿಂತು, ಕೊನೆಯವಳಾಗಿ ಇಳಿದಳು.